ನಾಯಕ್ ಉಳವಪ್ಪ ಅವರು ನಾಯಕರಲ್ಲ ಎಂಬ ಬಗ್ಗೆ

ಸಂಖ್ಯೆ: ಬಿರುದು/ಗೊಂದಲ/02/2025-26
ಸ್ಥಳ: ಮುಂಡರಗಿ

ವಿಷಯ: ಸೈನ್ಯದ ನಾಯಕ್ ಹುದ್ದೆಯವರನ್ನು ಊರಿನ ನಾಯಕರೆಂದು ಭಾವಿಸಿ ಮದುವೆ ಮುರಿಯುವುದನ್ನು ತಡೆಗಟ್ಟುವ ಕುರಿತು.

ಉಲ್ಲೇಖ: ಸಾವಂತ್ರೆವ್ವ ಅವರು ಕಚೇರಿಯ ಬಾಗಿಲಲ್ಲಿ ಕೂತು ನೀಡುತ್ತಿದ್ದ ಮೌಖಿಕ ದೂರು.

ದೂರುದಾರರ ಮಗ ಉಳವಪ್ಪನಿಗೆ ಸೈನ್ಯದಲ್ಲಿ ಬಡ್ತಿ ದೊರೆತು, ತೋಳಿಗೆ ಎರಡು ಪಟ್ಟಿಯ ನಾಯಕ್ ಹುದ್ದೆ ಲಭಿಸಿರುತ್ತದೆ. ಹಿಗ್ಗಿದ ತಾಯಿಯು ಬಸ್ ನಿಲ್ದಾಣದೆದುರು "ನಮ್ಮ ಉಳವಪ್ಪ ಈಗ ನಾಯಕ" ಎಂದು ಫ್ಲೆಕ್ಸ್ ಕಟ್ಟಿಸಿರುತ್ತಾರೆ. ಅದನ್ನು ಓದಿದ ಲಕ್ಷ್ಮೇಶ್ವರದ ದ್ಯಾಮಪ್ಪ, ಬೀಗರಾಗಬೇಕಿದ್ದವರು, "ನೌಕರಿ ಬಿಟ್ಟು ನಾಯಕ ಆದಾವ್ಗ ಮಗಳನ್ನ ಕೊಡಂಗಿಲ್ರಿ. ಬಂದ ಮಂದಿಗೆ ಚಾ ಕಾಸೂದ್ರಾಗ ಅಕಿ ಜಲ್ಮ ಹೋಗತೈತಿ" ಎಂದು ಫೋನಿನಲ್ಲೇ ಸಂಬಂಧ ಮುರಿದಿರುತ್ತಾರೆ. ಉಳವಪ್ಪನ ರಜೆ ಈ ವಾರ ಮುಗಿಯುತ್ತದೆ. "ನನ್ನ ಮಗ ಅಂಥಾ ನಾಯಕ ಅಲ್ರಿ ಸಾಹೇಬ್ರ, ಖರೇನ ದುಡಿಯಾಂವ" ಎಂದು ತಾಯಿ ಅತ್ತಿರುತ್ತಾರೆ. ಕಚೇರಿಗೆ ಬೇರೆ ಕೆಲಸವಿಲ್ಲವೇ ಎಂಬ ಪ್ರಶ್ನೆಯನ್ನು ಪರಿಶೀಲಿಸಿ ಕೈಬಿಟ್ಟು, ಕೆಳಕಂಡಂತೆ ಆದೇಶಿಸಲಾಗಿದೆ:

1. 'ನಾಯಕ್' ಪದದ ಕೊನೆಯ ಅಕ್ಷರವನ್ನು ಗಂಟಲಲ್ಲೇ ಕತ್ತರಿಸತಕ್ಕದ್ದು. ಸಂದೇಹ ಉಳಿದಲ್ಲಿ ಹೇಳುವವರು ಒಮ್ಮೆ ಕೆಮ್ಮುವುದು.

2. 'ಕಾರ್ಪೊರಲ್' ಎಂದು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದ್ದು ದ್ಯಾಮಪ್ಪನವರಿಗೆ 'ಕಾರ್ಪೊರೇಟರ್' ಎಂದು ಕೇಳಿಸಿ ರಾದ್ಧಾಂತ ಹೆಚ್ಚಿರುವುದರಿಂದ, ಬಿಡಿಸಿ ಹೇಳುವುದನ್ನು ನಿಷೇಧಿಸಲಾಗಿದೆ.

3. ಫ್ಲೆಕ್ಸಿನಲ್ಲಿ ಕಪ್ಪು ಕನ್ನಡಕ ಧರಿಸಿ ಮೊಬೈಲನ್ನು ಕಿವಿಗಿಟ್ಟವರು ನಾಯಕರು. ಸೆಟೆದು ನಿಂತು ಯಾರಿಗೂ ಶುಭ ಕೋರದವರು ನಾಯಕ್.

4. ತಮಗೂ ಎರಡು ಪಟ್ಟಿ ಬೇಕೆಂದು ಅರ್ಜಿ ಹಾಕಿರುವ ಯುವ ನಾಯಕರು ಕಪ್ಪತಗುಡ್ಡದ ಬುಡದಲ್ಲಿ ಬೆಳಗಿನ ಓಟಕ್ಕೆ ಹಾಜರಾಗತಕ್ಕದ್ದು. ನಿನ್ನೆ ಒಬ್ಬರು ಕಾರಿನಲ್ಲಿ ಬಂದು, ಓಟವನ್ನು ಉದ್ಘಾಟಿಸಿ ಹೋಗಿರುತ್ತಾರೆ.

5. ಫ್ಲೆಕ್ಸ್ ನಂಬಿ ಓಣಿಯವರು ಗಟಾರದ ಬಗ್ಗೆ ಅರ್ಜಿ ತಂದಾಗ, ಉಳವಪ್ಪ ಸಲಿಕೆ ಹಿಡಿದು ತಾನೇ ಗಟಾರ ಬಳಿದದ್ದು ಗಂಭೀರ ಲೋಪ. ಅರ್ಜಿ ಇಸಿದುಕೊಂಡು "ನೋಡೂಣು ತಗೋರಿ" ಎನ್ನುವ ರೂಢಿಯನ್ನು ಕೆಡಿಸತಕ್ಕದ್ದಲ್ಲ.

6. ದ್ಯಾಮಪ್ಪನವರು ಈ ಸುತ್ತೋಲೆ ತಲುಪಿದ ಕೂಡಲೇ ಮನಸ್ಸು ಬದಲಿಸಿ, ಬದಲಿಸಿದ ಬಗ್ಗೆ ದೃಢೀಕರಿಸತಕ್ಕದ್ದು.

ಸಹಿ/-
ಶಾಖಾಧಿಕಾರಿ (ಪ್ರಭಾರ)

ಪ್ರತಿಗಳು:
ಅ) ಶ್ರೀ ದ್ಯಾಮಪ್ಪ, ಲಕ್ಷ್ಮೇಶ್ವರ: ಸಿಟ್ಟು ಇಳಿದ ನಂತರ ಓದಲು.
ಆ) ಗದಗ-ಬೆಟಗೇರಿಯಿಂದ ಶಿರಹಟ್ಟಿಯವರೆಗಿನ ಸಮಸ್ತ ಯುವ ನಾಯಕರು: ಓದಿಸಿಕೊಳ್ಳಲು.
ಇ) ಕುಮಾರಿ ಶಿವರಂಜನಿ, ದ್ಯಾಮಪ್ಪನವರ ಮಗಳು: ಸುತ್ತೋಲೆಗೆ ಕಾಯದೆ ಇಂದು ಮುಂಜಾನೆಯ ಬಸ್ಸಿಗೆ ಕಚೇರಿಗೆ ಬಂದು, "ಏಳ್ರಿ ಅತ್ತಿ, ಮನಿಗಿ ಹೋಗೂಣು. ಅಪ್ಪಗ ನಾ ಹೇಳತೇನಿ" ಎಂದು ದೂರುದಾರರನ್ನು ಕೈಹಿಡಿದು ಕರೆದೊಯ್ದಿರುವುದರಿಂದ, ಮಾಹಿತಿಗಾಗಿ ಮಾತ್ರ.