ಸೇತುವೆಯ ಈಚೆ ನಿಂತ ಎಂಬತ್ತನಾಲ್ಕು ಮಂದಿಯ ಪರವಾಗಿ

ಪಾತ್ರ ಸೃಷ್ಟಿ ವಿಭಾಗದ ಮುಖ್ಯಸ್ಥರ ಸನ್ನಿಧಿಗೆ,

ಮಾನ್ಯರೇ,

ತಾವೂ ತಮ್ಮ ಸಮಸ್ತ ಸಿಬ್ಬಂದಿಯೂ, ತಾವು ಸೃಷ್ಟಿಸಿದ ಮಂತ್ರವಾದಿಗಳೂ ಬಿಲ್ಲುಗಾರರೂ ಕುಶಲವೆಂದು ನಂಬಿ, ತಮ್ಮ ಅಮೂಲ್ಯ ಸಮಯದಲ್ಲಿ ಕಾಲು ಗಂಟೆಯನ್ನು ಕಸಿಯುತ್ತಿರುವುದಕ್ಕೆ ಮೊದಲೇ ಕ್ಷಮೆ ಕೋರಿ, ಒಂಬತ್ತು ವರ್ಷಗಳಿಂದ ತಮ್ಮ ವಿಡಿಯೊ ಆಟವನ್ನು ಬಿಡದೆ ಆಡಿಯೂ ಮೊನ್ನೆಮೊನ್ನೆಯವರೆಗೆ ಅದರ ಎರಡನೆಯ ಅಧ್ಯಾಯದ ಮುಖವನ್ನೇ ಕಾಣದಿದ್ದ ಒಬ್ಬ ನಿಷ್ಠಾವಂತ ಗ್ರಾಹಕ ಬರೆದುಕೊಳ್ಳುವ ದೂರು ಇದು.

ಆಟವನ್ನು ತೆರೆದ ಕೂಡಲೇ ತಾವು ಎರಡು ಗುಂಡಿಗಳನ್ನು ತೋರಿಸುತ್ತೀರಿ. ಮೇಲ್ಗಡೆ, ಬೆಳಗಿನ ಬಿಸಿಲಿನಂತೆ ಹೊಳೆಯುವ ಚಿನ್ನದ ಬಣ್ಣದಲ್ಲಿ 'ಹೊಸ ಪಾತ್ರ'. ಕೆಳಗಡೆ, ಒಗೆದೊಗೆದು ಮಾಸಿದ ಬಟ್ಟೆಯ ಬೂದುಬಣ್ಣದಲ್ಲಿ 'ಮುಂದುವರಿಸಿ'. ಇಂಥ ಏರ್ಪಾಡನ್ನು ಮಾಡಿದ ಮಹನೀಯರಿಗೆ ಮನುಷ್ಯ ಸ್ವಭಾವದ ಒಳಹೊರಗೆಲ್ಲ ಚೆನ್ನಾಗಿ ಗೊತ್ತಿರಬೇಕೆಂದು ತಲೆಬಾಗುತ್ತೇನೆ. ಈ ಒಂಬತ್ತು ವರ್ಷಗಳಲ್ಲಿ ನಾನು ಎಂಬತ್ತನಾಲ್ಕು ಮಂದಿಗೆ ಜನ್ಮ ಕೊಟ್ಟಿದ್ದೇನೆ. ಅಷ್ಟೂ ಮಂದಿ ಮೊದಲ ಅಧ್ಯಾಯದ ಕೊನೆಯಲ್ಲಿ ಬರುವ ಕಲ್ಲಿನ ಸೇತುವೆಯವರೆಗೆ ನಡೆದು, ಅಲ್ಲಿಯ ಕಾವಲುಗಾರ 'ಯಾವ ಪಂಗಡ ಸೇರುತ್ತೀ? ಒಮ್ಮೆ ಸೇರಿದರೆ ಬದಲಾಯಿಸುವಂತಿಲ್ಲ' ಎಂದು ಕೇಳಿದೊಡನೆ ನಿಂತುಬಿಟ್ಟಿದ್ದಾರೆ. ನಿಲ್ಲಿಸಿದವನು ನಾನೇ. ಏಕೆಂದರೆ ಅಷ್ಟು ಹೊತ್ತಿಗೆ ಪ್ರತಿಯೊಬ್ಬರಲ್ಲೂ ಏನಾದರೊಂದು ಐಬು ನನ್ನ ಕಣ್ಣಿಗೆ ಬಿದ್ದಿರುತ್ತಿತ್ತು. ಒಬ್ಬನ ಕತ್ತಿವರಸೆಗೆ ಕೊಡಬೇಕಾದ ಅಂಕವನ್ನು ಕೈತಪ್ಪಿ ಅಡುಗೆಗೆ ಕೊಟ್ಟಿದ್ದೆ. ಒಬ್ಬಳು ಬಾವಿಕಟ್ಟೆಯ ಮುದುಕನಿಗೆ ಒರಟಾಗಿ ಉತ್ತರಿಸಿಬಿಟ್ಟಿದ್ದಳು. ಇನ್ನೊಬ್ಬನ ಹೆಸರು ಮೂರು ದಿನ ಗಂಭೀರವಾಗಿದ್ದು, ನಾಲ್ಕನೆಯ ದಿನ ಯಾವುದೋ ಕೆಮ್ಮಿನ ಔಷಧಿಯ ಹೆಸರಿನಂತೆ ಕೇಳಿಸತೊಡಗಿತು. ಹೀಗಿರುವಾಗ ಆ ಚಿನ್ನದ ಗುಂಡಿ 'ಬಾ ಮಗನೇ' ಎಂದು ಕರೆದರೆ ಯಾವ ಮನುಷ್ಯ ತಾನೇ ಬೂದುಬಣ್ಣದ ಕಡೆ ಕಣ್ಣೆತ್ತಿ ನೋಡಿಯಾನು?

ನನ್ನ ಕಸುಬನ್ನೂ ಇಲ್ಲಿ ಅರಿಕೆ ಮಾಡಿಕೊಳ್ಳಬೇಕು. ನಾನು ಹಲ್ಲು ಮಾಡುವವನು. ದಂತವೈದ್ಯರು ಕಳಿಸಿದ ಅಚ್ಚಿನ ಮೇಲೆ ಮೇಣ ತಿದ್ದಿ, ಬಣ್ಣ ಹೊಂದಿಸಿ, ಪರರ ಬಾಯಿಗೆ ಒಪ್ಪುವ ಹಲ್ಲುಗಳನ್ನು ತಯಾರಿಸುವ ಸಣ್ಣ ಪ್ರಯೋಗಾಲಯದಲ್ಲಿ, ಕಿಟಕಿಯ ಪಕ್ಕದ ಮೇಜಿನಲ್ಲಿ, ಹದಿನಾರು ವರ್ಷಗಳಿಂದ ಕುಳಿತಿದ್ದೇನೆ. ಆದ್ದರಿಂದ ತಾವು ದವಡೆಯೊಂದಕ್ಕೇ ಇಪ್ಪತ್ತೆರಡು ಬಗೆಯ ತಿದ್ದುಪಡಿಗಳನ್ನು ಒದಗಿಸಿ, ಹಲ್ಲಿಗೆ ಮಾತ್ರ ಒಂದನ್ನೂ ಒದಗಿಸದಿರುವುದು ನನ್ನ ವೃತ್ತಿಗೆ ಮಾಡಿದ ಅವಮಾನವೆಂದು ವಿನಯದಿಂದ ಭಾವಿಸಿದ್ದೇನೆ. ರಾಜನಿಗೂ ಕಳ್ಳನಿಗೂ ಒಂದೇ ಬಿಳಿ ಪಟ್ಟಿಯನ್ನು ಬಾಯಲ್ಲಿ ಅಂಟಿಸಿದ್ದೀರಿ. ಇರಲಿ, ದೂರಿನ ಮುಖ್ಯ ವಿಷಯ ಅದಲ್ಲ.

ಮುಖ್ಯ ವಿಷಯ ನನ್ನ ಅಕ್ಕ.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು, ಹತ್ತೊಂಬತ್ತು ವರ್ಷಗಳಿಂದ ಒಂದೇ ಮಾರ್ಗದಲ್ಲಿ ಸಿಟಿ ಬಸ್ ಓಡಿಸಿದವಳು. ಈ ವರ್ಷದ ಆರಂಭದಲ್ಲಿ ಒಂದು ಬೆಳಿಗ್ಗೆ, ಅಡ್ಡಬಂದ ಸೈಕಲ್ ಸವಾರನನ್ನು ತಪ್ಪಿಸಲು ಹೋಗಿ ಬಸ್ಸನ್ನು ದೀಪದ ಕಂಬಕ್ಕೆ ಗುದ್ದಿದಳು. ಅವಳ ಬಲಗೈ ಮಣಿಕಟ್ಟಿನ ಹತ್ತಿರ ಮುರಿಯಿತು. ಇಳಿಯಲೆಂದು ಎದ್ದು ನಿಂತಿದ್ದ ಒಬ್ಬ ಸಂಗೀತ ಶಿಕ್ಷಕಿಯ ಬಾಯಿ ಮುಂದಿನ ಕಂಬಿಗೆ ಬಡಿದು ಮೇಲಿನ ಎರಡು ಹಲ್ಲು ಹೋದವು. ಆಕೆ ಕಲಿಸುತ್ತಿದ್ದುದು ಕ್ಲಾರಿನೆಟ್; ಮುಂದಿನ ಹಲ್ಲಿಲ್ಲದೆ ಅದನ್ನು ನುಡಿಸುವುದಾಗುವುದಿಲ್ಲ. ವಿಚಾರಣೆ ನಡೆಸಿದವರು ಅಕ್ಕನ ತಪ್ಪಿಲ್ಲವೆಂದು ಬರೆದುಕೊಟ್ಟರು. ಅಕ್ಕ ಆ ಕಾಗದವನ್ನು ಓದಲೂ ಇಲ್ಲ. ಇನ್ನು ಸ್ಟಿಯರಿಂಗ್ ಮುಟ್ಟುವುದಿಲ್ಲ ಎಂದು ಡಿಪೋದಲ್ಲಿ ಹೇಳಿದಳಂತೆ. ಅಲ್ಲಿಯ ಮೇಲಧಿಕಾರಿ ಪ್ಲಾಸ್ಟರ್ ಬಿಚ್ಚುವ ದಿನ ಬಂದು ಕೊನೆಯ ಮಾತು ಹೇಳಿ ಎಂದು ಕಳಿಸಿದರಂತೆ. ಭಾವ ಹಡಗಿನ ಕೆಲಸದ ಮೇಲೆ ದೂರ ಹೋಗಿದ್ದರಿಂದ, ಒಂದೇ ಕೈಯಲ್ಲಿ ಜಡೆ ಹಾಕಿಕೊಳ್ಳಲೂ ಆಗದೆ, ಅವಳು ಒಂದು ಪೆಟ್ಟಿಗೆ ಹಿಡಿದು ನನ್ನ ಎರಡು ಕೋಣೆಯ ಮನೆಗೆ ಬಂದಳು.

ಹೊಸದಾಗಿ ಶುರುಮಾಡುವ ವಿದ್ಯೆಯಲ್ಲಿ ನನ್ನಷ್ಟು ಪಳಗಿದವರು ಸುತ್ತಮುತ್ತ ಯಾರೂ ಇರಲಿಲ್ಲವಾದ್ದರಿಂದ ಅಕ್ಕನ ವಿಷಯದಲ್ಲಿ ನನಗೆ ಬಹಳ ಉತ್ಸಾಹ ಬಂತು. ತಮ್ಮ ಆಟದ ಮಾದರಿಯಲ್ಲೇ ಒಂದು ದೊಡ್ಡ ಹಾಳೆಯ ಮೇಲೆ ಅವಳ ಸಹನೆ, ನೆನಪು, ಕಣ್ಣಳತೆ ಎಲ್ಲಕ್ಕೂ ಅಂಕ ಕೊಟ್ಟು, ಹೂವಿನ ಅಂಗಡಿ, ಗ್ರಂಥಾಲಯ, ಸಸಿ ಬೆಳೆಸುವ ತೋಟ ಎಂದು ಮೂರು ಹೊಸ ಪಾತ್ರಗಳನ್ನು ಸಿದ್ಧಪಡಿಸಿದೆ. ಅವಳು ಅದನ್ನು ಮೇಲಿನಿಂದ ಕೆಳಗಿನವರೆಗೆ ಓದಿ, ನೀಟಾಗಿ ಸುರುಳಿ ಸುತ್ತಿ, ಪ್ಲಾಸ್ಟರಿನೊಳಗೆ ತೂರಿಸಿ ತುರಿಸಿಕೊಂಡಳು. ನನ್ನ ಶ್ರಮ ಒಟ್ಟಿನಲ್ಲಿ ವ್ಯರ್ಥವಾಗಲಿಲ್ಲವೆಂದು ಸಮಾಧಾನಪಟ್ಟೆ.

ಒಂದು ಭಾನುವಾರ ಮಧ್ಯಾಹ್ನ ನಾನು ಬಟ್ಟೆ ಒಗೆಯುತ್ತಿದ್ದಾಗ, ಹೊತ್ತು ಹೋಗದೆ ಅಕ್ಕ ತಮ್ಮ ಆಟವನ್ನು ತೆರೆದಳು. ಎಡಗೈಯ ಹೆಬ್ಬೆರಳು ತಾನಾಗಿ ಹೋಗಿ ಕೂತದ್ದು ಆ ಬೂದುಬಣ್ಣದ ಗುಂಡಿಯ ಮೇಲೆ. ಎಂಬತ್ತನಾಲ್ಕು ಮುಖಗಳ ಸಾಲು ತೆರೆದುಕೊಂಡಿತು. ಅದರಲ್ಲಿ ಅವಳು ನಲವತ್ತೊಂದನೆಯವಳನ್ನು ಆರಿಸಿದಳು. ಸತ್ತುಹೋದ ನಮ್ಮ ಚಿಕ್ಕಮ್ಮನ ಹಾಗೆ ಕಂಡಳಂತೆ. ಎಡದವಡೆ ಒಂದು ಕೂದಲೆಳೆ ಕೆಳಗೆ ಬಂದಿದೆ ಎಂಬ ಕಾರಣಕ್ಕೆ ನಾನು ಐದು ವರ್ಷಗಳ ಹಿಂದೆ ಕೈಬಿಟ್ಟಿದ್ದ ಬಿಲ್ಲುಗಾತಿ ಅವಳು. ಅಕ್ಕ ಅವಳಿಗೆ ಸೊಟ್ಟಮ್ಮ ಎಂದು ಹೆಸರಿಟ್ಟಳು. ಒಂದೇ ಕೈಯ ಆಟವಾದ್ದರಿಂದ ಸೊಟ್ಟಮ್ಮ ಸೇತುವೆಗೆ ಬೆನ್ನು ಹಾಕಿ ಬಂದ ದಾರಿಗೇ ಹಿಂದಿರುಗಿ, ಗೋಡೆಗೆ ಡಿಕ್ಕಿ ಹೊಡೆಯುತ್ತ, ಕೋಳಿಗಳ ಮೇಲೆ ಬಾಣ ಬಿಡುತ್ತ, ಕೊನೆಗೆ ಪಂಜು ಹಿಡಿದು ತಪ್ಪು ಬಾಗಿಲಲ್ಲಿ ನುಗ್ಗಿ ಒಂದು ಇಡೀ ಹಳ್ಳಿಯ ಕಣಜಕ್ಕೆ ಬೆಂಕಿಯಿಟ್ಟಳು.

ನಾನು ಸೋಪಿನ ಕೈಯಲ್ಲೇ ಓಡಿಬಂದೆ. ಆಟ ಕೆಟ್ಟಿತು, ಇವಳನ್ನು ಬಿಡು, ಮೊದಲಿನಿಂದ ಚೆನ್ನಾಗಿರುವ ಒಬ್ಬಳನ್ನು ಮಾಡಿಕೊಡುತ್ತೇನೆ ಎಂದು ಅಂಗಲಾಚಿದೆ. ಅಕ್ಕ ಪರದೆಯಿಂದ ಕಣ್ಣು ಕೀಳದೆ ಹೇಳಿದಳು:

"ಯಾಕೆ? ಇವಳಿಗೇನಾಗಿದೆ? ನಡೀತಿದಾಳಲ್ಲ."

ಮಾನ್ಯರೇ, ಸೊಟ್ಟಮ್ಮ ನಡೆದೇ ನಡೆದಳು. ಮತ್ತೆ ಸೇತುವೆಗೆ ಬಂದಳು. ಕಾವಲುಗಾರ ತನ್ನ ಹೆದರಿಕೆಯ ಪ್ರಶ್ನೆ ಕೇಳಿದ. ಅಕ್ಕ ಓದುವುದಕ್ಕೂ ನಿಲ್ಲದೆ ಮೊದಲು ಕಂಡ ಪಂಗಡವನ್ನು ಒತ್ತಿದಳು. ಕೈಯಲ್ಲಿ ಬಕೆಟ್ ಹಿಡಿದು ನಿಂತಿದ್ದ ನಾನು ಹೀಗೆ, ನನ್ನ ಪ್ರಯತ್ನವೇನೂ ಇಲ್ಲದೆ, ಸೇತುವೆಯ ಆಚೆಯ ನಾಡನ್ನು ಕಂಡೆ. ಒಂದು ಮಣ್ಣಿನ ರಸ್ತೆ ಇತ್ತು. ಒಬ್ಬಳು ಹಗ್ಗದ ಮೇಲೆ ಬಟ್ಟೆ ಹರವುತ್ತಿದ್ದಳು. ಒಂದು ದನ ಸುಮ್ಮನೆ ನಿಂತಿತ್ತು. ಒಂಬತ್ತು ವರ್ಷ ನಾನು ಯಾವ ತಪ್ಪೂ ಇಲ್ಲದವನನ್ನು ಕಳಿಸಬೇಕೆಂದು ಕಾದಿದ್ದ ನಾಡು ಅದು. ಕಣ್ಣಿಗೆ ಸೋಪು ಹೋಯಿತೆಂದು ಹೇಳಿ ಒಳಗೆ ಹೋದೆ.

ಮೂರನೆಯ ಅಧ್ಯಾಯಕ್ಕೆ ಬರುವ ಹೊತ್ತಿಗೆ ಅಕ್ಕನ ಪ್ಲಾಸ್ಟರಿಗೆ ನಾಲ್ಕು ವಾರವಾಗಿತ್ತು. ಅಲ್ಲಿ ಒಂದು ಪಟ್ಟಣದ ಹೊರಗೆ ಡೇರೆಗಳಲ್ಲಿ ಕೂತಿದ್ದವರು ಆ ಕಣಜದ ಹಳ್ಳಿಯವರೇ ಎಂದು ತಿಳಿದು, ಇಷ್ಟು ದೂರದ ಲೆಕ್ಕಾಚಾರವನ್ನು ಮಾಡಿದ ತಮ್ಮ ಸಿಬ್ಬಂದಿಯ ಬಗ್ಗೆ ನನಗೆ ಗೌರವವೂ ಭಯವೂ ಉಂಟಾದವು. ಅವರಲ್ಲೊಬ್ಬ ಮುದುಕಿ, ನಮ್ಮ ಕಣಜ ಸುಟ್ಟವರು ಯಾರೆಂದು ನಿನಗೆ ಗೊತ್ತೇ ಎಂದು ಸೊಟ್ಟಮ್ಮನನ್ನು ಕೇಳಿದಳು. ಗೊತ್ತಿಲ್ಲ ಎನ್ನಬಹುದಿತ್ತು, ಬೇರೆಯವರ ಹೆಸರು ಹೇಳಬಹುದಿತ್ತು, ಓಡಬಹುದಿತ್ತು. ಅಕ್ಕ ಹೆಬ್ಬೆರಳನ್ನು ಎತ್ತಿಹಿಡಿದು ಬಹಳ ಹೊತ್ತು ಕೂತಳು. ಸುಮ್ಮನೆ ಮುಂದೆ ಹೋಗು, ಸುಳ್ಳು ಹೇಳಿದರೆ ಇಲ್ಲಿ ಯಾರಿಗೂ ತಿಳಿಯುವುದಿಲ್ಲ ಎಂದು ನಾನು ಸಲಹೆ ಕೊಟ್ಟೆ. ಅವಳು 'ನಾನೇ' ಎಂಬುದನ್ನು ಒತ್ತಿದಳು. ಮುದುಕಿ ಉಗಿದಳು. ಆಮೇಲೆ ಅಲ್ಲಿದ್ದ ಮೂಟೆಗಳನ್ನು ಡೇರೆಗೆ ಹೊರು ಎಂದಳು. ಸೊಟ್ಟಮ್ಮ ಅಷ್ಟನ್ನೂ ಹೊತ್ತಳು. ಅದಕ್ಕೆ ತಾವು ಒಂದು ಅಂಕವನ್ನೂ, ಒಂದು ಹರಕು ಕೈಗವಸನ್ನೂ ಕೊಡಲಿಲ್ಲವೆಂಬುದನ್ನು ಖಂಡಿಸಬೇಕೆಂದು ನಾನು ಅಂದೇ ಗುರುತು ಹಾಕಿಕೊಂಡಿದ್ದೆ.

ಅಕ್ಕ ಆಟವನ್ನು ಅಲ್ಲಿಗೇ ನಿಲ್ಲಿಸಿ, ಆ ಸಂಗೀತ ಶಿಕ್ಷಕಿಯ ಮನೆ ಎಲ್ಲಿ ಎಂದು ಕೇಳಿದಳು. ವಿಳಾಸ ಅವಳು ಓದದೆ ಬಿಟ್ಟಿದ್ದ ವಿಚಾರಣೆಯ ಕಾಗದದಲ್ಲಿತ್ತು.

ಮಂಗಳವಾರ ಸಂಜೆ ನಾಲ್ಕಕ್ಕೆ ಹೋದೆವು. ಆಕೆ ಬಾಯಿಗೆ ಕರವಸ್ತ್ರ ಅಡ್ಡ ಹಿಡಿದೇ ಬಾಗಿಲು ತೆರೆದರು. ಒಳಗೆ ಪಾಠದ ಕೋಣೆಯಲ್ಲಿ ಮಡಚಿಟ್ಟ ಆರು ಕುರ್ಚಿಗಳು ಗೋಡೆಗೆ ಒರಗಿದ್ದವು. ಅಕ್ಕ ಕೂರಲಿಲ್ಲ. ಆ ದಿನ ಬಸ್ ಓಡಿಸುತ್ತಿದ್ದವಳು ತಾನೇ ಎಂದಳು. ಗೊತ್ತು, ನಿಮ್ಮ ಮುಖವನ್ನು ಕನ್ನಡಿಯಲ್ಲಿ ಹನ್ನೊಂದು ವರ್ಷದಿಂದ ನೋಡುತ್ತಿದ್ದೇನೆ ಎಂದರು ಆಕೆ. ಆಮೇಲೆ ಕರವಸ್ತ್ರ ತೆಗೆದರು, ನಾವು ನೋಡಲೆಂದೇ ಇರಬೇಕು.

"ಕ್ಷಮಿಸಿದೀನಿ ಅಂತ ಹೇಳೋಕೆ ನನಗೆ ಇನ್ನೂ ಆಗಲ್ಲ," ಎಂದರು. "ಆದ್ರೆ ನಿಮ್ಮ ಬದಲಿಗೆ ಬಂದಿರೋನು ನಾನು ಹತ್ತೋ ಮುಂಚೆನೇ ಬಿಟ್ಕೊಂಡು ಹೋಗ್ತಾನೆ. ನೀವು ಯಾವಾಗ ಬರ್ತೀರಿ?"

ಮನೆಗೆ ಬರುವಾಗ ಇಡೀ ದಾರಿ ಅಕ್ಕ ನನ್ನ ತೋಳು ಹಿಡಿದಿದ್ದಳು. ಅದು ಚಿಕ್ಕಂದಿನಿಂದ ಅವಳ ಅಭ್ಯಾಸವಲ್ಲ.

ಆಕೆಯ ಹಲ್ಲುಗಳನ್ನು ಮಾಡುವ ಕೆಲಸವನ್ನು ನಾನು ಕೇಳಿ ಪಡೆದೆ. ಇಲ್ಲಿಂದ ಮುಂದಿನದು ನನ್ನ ಮರ್ಯಾದೆಯ ಪ್ರಶ್ನೆಯಾದರೂ ಮುಚ್ಚಿಡುವುದಿಲ್ಲ. ಮೊದಲ ಜೋಡಿಯ ಬಣ್ಣ ತುಸು ಹೆಚ್ಚು ಹಳದಿಯೆನಿಸಿ ಎಸೆದೆ. ಎರಡನೆಯದರ ಅಂಚು ಸರಿಬರಲಿಲ್ಲ. ಮೂರನೆಯದರಲ್ಲಿ ಏನು ದೋಷವಿತ್ತೆಂದು ಈಗ ನೆನಪೂ ಇಲ್ಲ. ಅಷ್ಟರಲ್ಲಿ ಮೂರು ವಾರ ಕಳೆದವು. ನಮ್ಮ ಯಜಮಾನರು ನನ್ನ ಮೇಜಿನ ಹತ್ತಿರ ಬಂದು, ಆ ಹೆಂಗಸಿಗೆ ಬಾಯಿ ಇರುವುದು ಒಂದೇ, ನೀನು ಎಷ್ಟು ಮಾಡುತ್ತೀ ಎಂದು ಕೇಳಿ ನಾಲ್ಕನೆಯ ಜೋಡಿಯನ್ನು ತಾವೇ ಡಬ್ಬಿಗೆ ಹಾಕಿ ವೈದ್ಯರಲ್ಲಿಗೆ ಕಳಿಸಿದರು. ಬಣ್ಣ ನೋಡಲು ನನ್ನನ್ನೂ ಕರೆದಿದ್ದರು. ಎಡಗಡೆಯ ಹಲ್ಲು ಒಂದು ಕೂದಲೆಳೆ ಉದ್ದವಿದೆ ಎಂದು ನನಗೆ ಬಾಗಿಲಲ್ಲೇ ಕಂಡಿತು.

ಶಿಕ್ಷಕಿ ಕ್ಲಾರಿನೆಟ್ ತಂದಿದ್ದರು. ವೈದ್ಯರ ಕುರ್ಚಿಯಲ್ಲೇ ನೆಟ್ಟಗೆ ಕೂತು ಊದಿದರು. ಮೊದಲ ಸ್ವರ ಬಿರಿಯಿತು. ಎರಡನೆಯದೂ ಬಿರಿಯಿತು. ನಾನು ಮುಂದೆ ಹೋಗಿ ಅಂಗೈ ಚಾಚಿ, ದಯವಿಟ್ಟು ಕೊಡಿ, ಮತ್ತೆ ಮೇಣದಿಂದಲೇ ಶುರುಮಾಡುತ್ತೇನೆ ಎಂದೆ. ಆಕೆ ಬಾಯಿ ಗಟ್ಟಿಯಾಗಿ ಮುಚ್ಚಿ ತಲೆ ಅಲ್ಲಾಡಿಸಿದರು. ಮೂರನೆಯ ಸಲ ಊದಿದರು; ಸ್ವರ ನಡುಗುತ್ತಲೇ ಹೊರಟು, ಸ್ವಲ್ಪ ಹೊತ್ತಿಗೆ ನಿಂತಿತು.

"ಇರ್ಲಿ ಬಿಡಿ," ಎಂದರು. "ಇದಕ್ಕೂ ನನಗೂ ಈಗ ತಾನೇ ಪರಿಚಯ ಆಗ್ತಿದೆ. ಇನ್ನೊಂದರ ಹತ್ರ ಮತ್ತೆ ಮೊದಲಿಂದ ಮಾತಾಡೋಕೆ ನನಗೆ ಪುರುಸೊತ್ತಿಲ್ಲ."

ನನ್ನ ಚಾಚಿದ ಕೈಯನ್ನು ಎಲ್ಲಿ ಇಡುವುದೆಂದು ತಿಳಿಯದೆ ಜೇಬಿಗೆ ಹಾಕಿಕೊಂಡೆ.

ಪ್ಲಾಸ್ಟರ್ ಬಿಚ್ಚಿದ ದಿನ ಅಕ್ಕ ಡಿಪೋಕ್ಕೆ ಹೋದಳು, ಹದಿನೈದು ದಿನ ಖಾಲಿ ಬಸ್ ಓಡಿಸಿ ಕೈ ಪಳಗಿಸಿಕೊಂಡಳು, ಆಮೇಲೆ ತನ್ನ ಹಳೆಯ ಮಾರ್ಗವನ್ನೇ ಕೇಳಿದಳು. ಮೊದಲ ದಿನ ನಾನೂ ಹತ್ತಿದ್ದೆ. ಮೊದಲ ನಿಲ್ದಾಣದಲ್ಲೇ ಬಸ್ ನಾಲ್ಕು ಮಾರು ಮುಂದೆ ಹೋಗಿ ನಿಂತಿತು. ಜನ ಗೊಣಗುತ್ತ ನಡೆದು ಬಂದು ಹತ್ತಿದರು. ಶಿಕ್ಷಕಿಯ ನಿಲ್ದಾಣದಲ್ಲಿ ಆಕೆ ಹತ್ತಿ, ಕೂತು, ಕಂಬಿ ಹಿಡಿಯುವವರೆಗೆ ಬಸ್ ಅಲುಗಲಿಲ್ಲ. ಕನ್ನಡಿಯಲ್ಲಿ ಇಬ್ಬರೂ ಒಮ್ಮೆ ನೋಡಿಕೊಂಡರೋ ಏನೋ, ನನ್ನ ಸೀಟಿನಿಂದ ಕಾಣಲಿಲ್ಲ.

ಮೊನ್ನೆ ಭಾನುವಾರ ನಾನೂ ಬೂದುಬಣ್ಣದ ಗುಂಡಿ ಒತ್ತಿ, ಎಂಬತ್ತನಾಲ್ಕನೆಯವನನ್ನು ಸೇತುವೆ ದಾಟಿಸಿದೆ. ಯಾವ ಪಂಗಡ ಸೇರಿದನೆಂದು ಹೇಳಲಾರೆ, ಕಣ್ಣು ಮುಚ್ಚಿಕೊಂಡು ಒತ್ತಿದೆ. ಹತ್ತು ನಿಮಿಷದೊಳಗೆ ಹಳ್ಳವೊಂದರಲ್ಲಿ ಬಿದ್ದು, ಒಂದು ಬೂಟು ಕಳೆದುಕೊಂಡು ಎದ್ದ. ಈಗ ಒಂಟಿ ಬೂಟಿನಲ್ಲಿ ಕುಂಟುತ್ತ ಹೋಗುತ್ತಿದ್ದಾನೆ. ಅವನನ್ನು ನೋಡಿದಾಗಲೆಲ್ಲ ನನ್ನ ಬೆರಳು ಚಿನ್ನದ ಗುಂಡಿಯ ಕಡೆ ಎಳೆಯುತ್ತದೆ. ಅದನ್ನು ತಡೆಯುವ ಕಷ್ಟಕ್ಕೂ ತಾವೇ ಹೊಣೆ.

ಆದಕಾರಣ ಮಾನ್ಯರಲ್ಲಿ ಪ್ರಾರ್ಥನೆ: ಎರಡು ಗುಂಡಿಗಳ ಬಣ್ಣಗಳನ್ನು ಒಂದಕ್ಕೊಂದು ಅದಲುಬದಲು ಮಾಡಬೇಕು, ಅದು ಅಸಾಧ್ಯವಾದರೆ ನನ್ನ ಒಂಬತ್ತು ವರ್ಷಗಳನ್ನು ಬಳಸದ ಸ್ಥಿತಿಯಲ್ಲಿ ಹಿಂದಿರುಗಿಸಬೇಕು. ಇನ್ನೂ ಸೇತುವೆಯ ಈಚೆ ನಿಂತಿರುವ ಎಂಬತ್ತೆರಡು ಮಂದಿಗೆ ಅಲ್ಲಿಯೇ ಒಂದೊಂದು ಮನೆಯನ್ನೂ ಕೂರಲು ಒಂದು ಕಟ್ಟೆಯನ್ನೂ ಕಟ್ಟಿಸಿಕೊಡಬೇಕು. ಮೂಟೆ ಹೊತ್ತವರಿಗೆ ಏನನ್ನೂ ಕೊಡದ ತಮ್ಮ ಕ್ರಮದ ಬಗ್ಗೆ ಮಾತ್ರ, ಬರೆಯುತ್ತ ಬರೆಯುತ್ತ ನನ್ನ ಅಭಿಪ್ರಾಯ ಬದಲಾಗಿರುವುದರಿಂದ, ಆ ದೂರನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ.

ಕಾಟು ಹೊಡೆದ ಸಾಲುಗಳೊಂದಿಗೇ ಈ ಪತ್ರವನ್ನು ಒಪ್ಪಿಸುತ್ತಿರುವ,

ತಮ್ಮ ವಿಶ್ವಾಸಿ,
ಹಲ್ಲು ಮಾಡುವವನು

ತಾ. ಕ.: ಈ ದೂರನ್ನು ಮೊದಲು ತಮ್ಮ ಜಾಲತಾಣದ ಅರ್ಜಿಯಲ್ಲೇ ತುಂಬಿದ್ದೆ. ಆರನೆಯ ಪುಟದಲ್ಲಿ ಊರಿನ ಪಿನ್‌ಕೋಡ್ ಒಂದಂಕಿ ತಪ್ಪಾಯಿತು. ಬರೆದದ್ದನ್ನೆಲ್ಲ ಒರೆಸಿಹಾಕಿ, 'ದಯವಿಟ್ಟು ಮೊದಲಿನಿಂದ ಆರಂಭಿಸಿ' ಎಂದು ಅದು ನಗುಮುಖದ ಚಿತ್ರದೊಂದಿಗೆ ತಿಳಿಸಿತು. ಅಕ್ಕ ಲಕೋಟೆಯೊಂದನ್ನು ತಂದುಕೊಟ್ಟಳು.