ಹೊಸ ಕಾರಿನ ಮೊದಲ ಎಣ್ಣೆ

ಸಲಹೆ ಕೊಡುವವರು ಒಬ್ಬರೇ ಇದ್ದರೆ ಮನುಷ್ಯ ನೆಮ್ಮದಿಯಾಗಿರಬಹುದು. ಇಬ್ಬರಾದರೆ ಸುಳ್ಳು ಹೇಳುವುದನ್ನು ಕಲಿಯಬೇಕಾಗುತ್ತದೆ. ನಲವತ್ತಾರನೆಯ ವಯಸ್ಸಿನವರೆಗೆ ನಾನು ಹೇಳಿಕೊಳ್ಳುವಂಥ ಸುಳ್ಳುಗಾರನೇನೂ ಆಗಿರಲಿಲ್ಲ. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವನಾದ್ದರಿಂದ ರಾಜಮಹಾರಾಜರು ಹೇಳಿದ ಸುಳ್ಳುಗಳನ್ನು ಹುಡುಗರಿಗೆ ಬರೆಸಿದ್ದಷ್ಟೇ. ಎಂಬತ್ತರ ದಶಕದ ಕೊನೆಯಲ್ಲಿ ಹೊಸ ಕಾರು ಕೊಂಡ ಮೇಲೆ ಸ್ವಂತವಾಗಿ ಹೇಳತೊಡಗಿದೆ.

ಹಾವೇರಿಯ ನಮ್ಮ ಓಣಿಗೆ ಅದೇ ಮೊದಲ ಕಾರು. ಓಣಿಯವರೆಲ್ಲ ಪೂಜೆಗೆ ಬಂದರು, ಚಕ್ರದ ಕೆಳಗೆ ನಿಂಬೆಹಣ್ಣು ಅಪ್ಪಚ್ಚಿಯಾಯಿತು, ಪೇಢೆ ಹಂಚಿದ್ದೂ ಆಯಿತು. ನಾನು ಮಾತ್ರ ಕಾರಿನ ಜೊತೆ ಬಂದ ಪುಸ್ತಕ ಹಿಡಿದು ಕೂತಿದ್ದೆ. ಅಚ್ಚಾದದ್ದು ಏನು ಸಿಕ್ಕರೂ ಓದಿ ನಂಬುವುದು ನನ್ನ ಹಳೆಯ ಚಟ. ಮೊದಲ ಸಾವಿರ ಕಿಲೋಮೀಟರಿಗೆ ಎಂಜಿನ್ನಿನ ಎಣ್ಣೆ ಬದಲಿಸಬೇಕು, ಅದನ್ನು ಕಂಪನಿಯ ಸರ್ವೀಸಿನಲ್ಲೇ ಬದಲಿಸಬೇಕು, ಕೂಪನ್ನಿಗೆ ಮೊಹರು ಬೀಳಬೇಕು, ಇಲ್ಲದಿದ್ದರೆ ಗ್ಯಾರಂಟಿ ಇಲ್ಲ ಎಂದು ಅದರಲ್ಲಿ ದಪ್ಪ ಅಕ್ಷರದಲ್ಲಿತ್ತು. ಆ ಸರ್ವೀಸು ಇದ್ದದ್ದು ಹುಬ್ಬಳ್ಳಿಯಲ್ಲಿ.

ಮರುದಿನ ಕಾರನ್ನು ರಾಣೆಬೆನ್ನೂರಿಗೆ ಒಯ್ದು ದಸ್ತಗೀರಸಾಬರಿಗೆ ತೋರಿಸಿದೆ. ತೋರಿಸದೆ ಇರುವಂತಿರಲಿಲ್ಲ. ನಾನು ಆ ಊರಿನಲ್ಲಿ ಕೆಲಸಕ್ಕಿದ್ದ ಹನ್ನೆರಡು ವರ್ಷವೂ ಊರಿನ ಕಾರು ಜೀಪುಗಳ ಜೊತೆಗೆ ನನ್ನ ಸ್ಕೂಟರಿನ ಜೀವವನ್ನೂ ಹಿಡಿದಿಟ್ಟ ಮೆಕ್ಯಾನಿಕ್ ಅವರು. ಮಗಳ ಎಸ್ಸೆಸ್ಸೆಲ್ಸಿ ಪರೀಕ್ಷೆಯ ದಿನ ಆ ಸ್ಕೂಟರು ಹಠ ಹಿಡಿದು ನಿಂತಾಗ ಉಣ್ಣುತ್ತಿದ್ದ ತಾಟು ಬಿಟ್ಟು ಎದ್ದು ಬಂದು, ಎಡಗೈಯಿಂದಲೇ ಚಾಲೂ ಮಾಡಿಕೊಟ್ಟು, ಆಮೇಲೆ ಬಲಗೈ ತೊಳೆಯಲು ಹೋದವರು. ಹಾವೇರಿಗೆ ವರ್ಗವಾದ ಮೇಲೂ ನಾನು ಸ್ಕೂಟರಿನ ಸಣ್ಣ ಕೆಮ್ಮಿಗೂ ಅವರ ಹತ್ತಿರವೇ ಓಡುತ್ತಿದ್ದೆ. ಅವರು ಬಾನೆಟ್ಟು ತೆಗೆಸಿ, ಕಣ್ಣು ಮುಚ್ಚಿ, ಎಂಜಿನ್ನಿಗೆ ಕಿವಿಗೊಟ್ಟು ಸುಮಾರು ಹೊತ್ತು ನಿಂತರು.

"ಮಷೀನ್ ಚಲೋ ಐತ್ರಿ ಸರ. ಐನೂರಕ್ಕ ಬರ್ರಿ, ಎಣ್ಣಿ ಬದಲಿ ಮಾಡೂಣು."

"ಪುಸ್ತಕದಾಗ ಸಾವಿರ ಅಂತ ಐತಲ್ರಿ ಸಾಬ್ರ."

"ಪುಸ್ತಕಕ್ಕೇನ್ ಗೊತ್ತ್ರಿ? ಹೊಸಾ ಮಷೀನು ಒಂದಕ್ಕೊಂದು ತಿಕ್ಕಿ ಕಬ್ಬಿಣದ ಪುಡಿ ಎಣ್ಯಾಗ ಇಳೀತೈತಿ. ಅದು ಲಗೂ ಹೊರಗ ಬಂದಷ್ಟು ಚಲೋ. ಮತ್ತ್ಯಾರ ಕೈಗೂ ಕೊಡಬ್ಯಾಡ್ರಿ. ನಾನ ತಗೀತೇನಿ."

ನಾನು ತಲೆ ಆಡಿಸಿದೆ. ಎದುರಿಗಿದ್ದವರು ಏನು ಹೇಳಿದರೂ ತಲೆ ಆಡಿಸುವುದು ನನ್ನ ಇನ್ನೊಂದು ಚಟ. ಮುಂದಿನ ಭಾನುವಾರ ಬ್ಯಾಡಗಿಯಲ್ಲೂ ಆಡಿಸಿದೆ. ಅಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವ ನನ್ನ ಮಾವನವರು, "ಅಲ್ರಿ ಅಳಿಯಂದ್ರ, ಹೊಸಾ ಎಣ್ಣಿ ಯಾಕ ಚೆಲ್ತೀರಿ? ಕರ್ರಗ ಆಗಲಿ ತಡೀರಿ. ನಾವು ಯಾವ ಮಾಲಿದ್ರೂ ಬಣ್ಣಾ ನೋಡೇ ಮಾತಾಡೂದು" ಎಂದಿದ್ದರು.

ಮೀಟರು ನಾನೂರು ದಾಟಿದ ಮೇಲೆ ನನ್ನ ನಿದ್ದೆ ಹಾರಿತು. ಐನೂರಕ್ಕೆ ಸಾಬರ ಹತ್ತಿರ ಹೋದರೆ ಗ್ಯಾರಂಟಿ ಹೋಗುತ್ತದೆ. ಹೋಗದಿದ್ದರೆ ಸಾಬರು ಹೋಗುತ್ತಾರೆ. ನಾನು ಗಾಡಿ ಹೊಡೆಯುವಾಗ ಮೀಟರನ್ನೇ ನೋಡುತ್ತೇನೆಂದು ಹೆಂಡತಿಗೆ ಸಿಟ್ಟು. "ದಾರೀನೂ ಅಷ್ಟು ನೋಡ್ರಿ, ಎಮ್ಮಿ ಬರಾಕತ್ತೈತಿ" ಎನ್ನುವಳು. ಕೊನೆಗೆ ಒಂದು ಉಪಾಯ ಹೂಡಿದೆ. ರಾಣೆಬೆನ್ನೂರಿನಲ್ಲಿ ಕೆಲಸವಿದ್ದರೆ ಹೊಸ ಕಾರನ್ನು ಮನೆಯಲ್ಲಿ ನಿಲ್ಲಿಸಿ ಬಸ್ಸಿಗೆ ಹೋಗತೊಡಗಿದೆ. ಒಂದು ದಿನ ಬಸ್‌ಸ್ಟ್ಯಾಂಡಿನಲ್ಲೇ ಸಾಬರು ಎದುರಾದರು.

"ಯಾಕ್ರಿ ಸರ, ಗಾಡಿ ಎಲ್ಲೈತಿ? ಐನೂರು ಆಗಲಿಲ್ಲೇನು?"

"ಎಲ್ಲೀದ್ರಿ, ಅದು ಮನಿ ಬಿಟ್ಟು ಹೊಂಡೂದ ಇಲ್ಲ" ಎಂದೆ. ಅಷ್ಟರಲ್ಲಿ ಅದು ಏಳುನೂರು ಓಡಿತ್ತು.

ಸಾವಿರ ತುಂಬಿದ ವಾರವೇ ಹುಬ್ಬಳ್ಳಿಗೆ ಹೋಗಿ ಎಣ್ಣೆ ಬದಲಿಸಿಕೊಂಡು, ಕೂಪನ್ನಿಗೆ ಮೊಹರು ಹಾಕಿಸಿಕೊಂಡು ಬಂದೆ. ಕೆಲಸ ಅಚ್ಚುಕಟ್ಟಾಗಿತ್ತು. ಆದರೆ ಬಸ್‌ಸ್ಟ್ಯಾಂಡಿನಲ್ಲಿ ಹೇಳಿದ ಸುಳ್ಳು ಮರೆಯಲಿಲ್ಲ. ಸಾಬರ ಮನಸ್ಸು ನೋಯಿಸಬಾರದು, ಅವರ ಕೈಯಿಂದಲೂ ಒಮ್ಮೆ ಬದಲಿಸಿಬಿಡೋಣ ಎಂದು ಮೂರನೆಯ ದಿನ ಕಾರು ತೆಗೆದುಕೊಂಡು ರಾಣೆಬೆನ್ನೂರಿಗೆ ಹೊರಟೆ. ಮೀಟರಿನ ಮೇಲೆ ಒಂದು ಕೈವಸ್ತ್ರ ಹೊದಿಸಿದ್ದೆ. ಓದಿದವರ ಬುದ್ಧಿ ಎಷ್ಟು ದೂರ ಹೋಗುತ್ತದೆ ನೋಡಿ.

ಸಾಬರಿಗೆ ಹಿಗ್ಗೋ ಹಿಗ್ಗು. ನನ್ನ ಕಾರಿಗೆಂದೇ ಎಣ್ಣೆ ಹಿಡಿಯುವ ತಟ್ಟೆಯನ್ನು ಪೆಟ್ರೋಲಿನಿಂದ ತೊಳೆದರು. ಕಾರಿನ ಕೆಳಗೆ ನುಸುಳಿ ಬೋಲ್ಟು ಬಿಚ್ಚಿದರು. ಎಣ್ಣೆ ಇಳಿಯಿತು. ಅದರಲ್ಲಿ ಕಪ್ಪಿಲ್ಲ, ಕಬ್ಬಿಣದ ಪುಡಿಯಿಲ್ಲ, ಜೇನಿನ ಹಾಗೆ ಹೊಳೆಯುತ್ತಿತ್ತು. ಸಾಬರು ಹೊರಗೆ ಬಂದು ಬೆರಳಿನಲ್ಲಿ ತಿಕ್ಕಿ ನೋಡಿದರು, ಬಿಸಿಲಿಗೆ ಹಿಡಿದು ನೋಡಿದರು. ನನ್ನ ಮುಖವನ್ನು ಮಾತ್ರ ನೋಡಲಿಲ್ಲ. ಮತ್ತೆ ಕೆಳಗೆ ಹೋಗಿ ಬೋಲ್ಟು ಕೂಡಿಸಿ, ಅದೇ ಎಣ್ಣೆಯನ್ನು ಸೋಸಿ ವಾಪಸ್ಸು ಸುರಿದರು.

"ಎಣ್ಣಿ ಹೊಸಾದೈತ್ರಿ ಸರ. ಚೆಲ್ಲಿದ್ರ ಪಾಪ."

"ಹುಬ್ಬಳ್ಯಾಗ... ಅದೊಂದು ಕೂಪನ್ ಇತ್ತ್ರಿ ಸಾಬ್ರ..."

"ಚಲೋ ಮಾಡ್ಯಾರ. ಬೋಲ್ಟ್ ಸೈತ ಹದಾ ಹಿಡದು ಬಿಗದಾರ." ಅವರು ಕೈ ಒರೆಸಿಕೊಂಡರು. "ಆದರ ಹೋಗೂ ಮುಂದ ನನಗೊಂದು ಮಾತು ಹೇಳಬೇಕಿತ್ತ್ರಿ."

"ತಪ್ಪಾತ್ರಿ. ನೀವು ಬ್ಯಾಡ ಅಂತೀರಿ ಅಂತ ಹೇಳಲಿಲ್ಲ."

"ಬ್ಯಾಡ ಯಾಕಂತೇನ್ರಿ? ನಾನೂ ಬರತಿದ್ದೆ. ಮೂವತ್ತು ವರ್ಷ ಆತ್ರಿ, ಗಾಡಿ ಕೆಳಗ ಮಲಗಾಕತ್ತಿ. ಹೊಸಾ ಗಾಡ್ಯಾಗ ಕುಂತು ಒಂದೂರಿಗೆ ಅಂತ ಹೋಗಿಲ್ಲ."

ಅಷ್ಟು ನಾಚಿಕೆ ನನಗೆ ಆಮೇಲೆ ಎಂದೂ ಆಗಿಲ್ಲ. ಆ ಒಂದು ತಿಂಗಳಲ್ಲಿ ಓಣಿಯವರನ್ನೆಲ್ಲ ಸುತ್ತಾಡಿಸಿದ್ದೆ, ಮಾವನವರ ಮೆಣಸಿನಕಾಯಿ ಚೀಲವನ್ನೂ ಹಿಂದಿನ ಸೀಟಿನಲ್ಲಿ ಕೂಡಿಸಿಕೊಂಡು ಬಂದಿದ್ದೆ. ಈ ಮನುಷ್ಯನಿಗೆ ಬಾನೆಟ್ಟು ತೆಗೆದು ತೋರಿಸಿದ್ದೆನೇ ಹೊರತು ಬಾಗಿಲು ತೆಗೆದಿರಲಿಲ್ಲ. ಈಗಲೇ ಕುಳಿತುಕೊಳ್ಳಿರೆಂದು ಬಾಗಿಲು ತೆಗೆದೆ. ಅವರು ತಮ್ಮ ಬಟ್ಟೆ ನೋಡಿಕೊಂಡು, "ಸೀಟ್ ಹೊಲಸಾಗತೈತ್ರಿ. ಶುಕ್ರವಾರ ಬರ್ರಿ, ಗ್ಯಾರೇಜ್ ಬಂದ್ ಇರತೈತಿ" ಎಂದರು.

ಶುಕ್ರವಾರ ಮಧ್ಯಾಹ್ನ ಬ್ಯಾಡಗಿಯ ಕಡೆ ಹೊರಟೆವು. ಇಸ್ತ್ರಿ ಮಾಡಿದ ಜುಬ್ಬಾ, ತೆಳುವಾದ ಅತ್ತರು, ಮುಂದಿನ ಸೀಟು. ಸಾಬರು ಗಾಜು ಇಳಿಸಿ, ಹೊಲಗಳನ್ನೂ ಬಂಡಿಗಳನ್ನೂ ಎಂದೂ ಕಾಣದವರಂತೆ ನೋಡುತ್ತಿದ್ದರು. ಅವರು ಖುಷಿಯಾಗಿದ್ದಾರೆಂದು ನನಗೂ ಖುಷಿಯಾಯಿತು. ಊರು ದಾಟಿ ಎರಡು ಮೈಲಿ ಹೋಗಿರಬೇಕು, ನನ್ನ ಕಿವಿ ತಡೆಯಲಿಲ್ಲ.

"ಸಾಬ್ರ, ಅದೇನೋ ಟಕ್ ಟಕ್ ಅನ್ನಾಕತ್ತೈತಲ್ಲ, ಎಂಜಿನ್ ಏನ್ರಿ?"

ಅವರು ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

"ಸರ, ಇವತ್ತ ನನಗ ಸೂಟಿ ಐತ್ರಿ."

ನಾನು ಬಾಯಿ ಮುಚ್ಚಿಕೊಂಡು ಗಾಡಿ ಹೊಡೆದೆ. ಮೋಟೆಬೆನ್ನೂರು ಬರುವಷ್ಟರಲ್ಲಿ ಇನ್ನೂ ಎರಡು ಸಲ ಕೇಳಿದ್ದೆ.