ಹೊರೆಕಾಣಿಕೆಗೆ ಹೋದ ಫೋನು

ದುಡ್ಡು ಕೊಟ್ಟು ತಂದ ವಸ್ತು ಕೊಟ್ಟ ದುಡ್ಡಿಗಿಂತ ಒಂದು ಗುಲಗಂಜಿಯಷ್ಟಾದರೂ ಹೆಚ್ಚು ಕೆಲಸ ಮಾಡಬೇಕು ಎಂಬುದು ನನ್ನ ನಂಬಿಕೆ. ಇದನ್ನು ನಾನು ಮಿತವ್ಯಯ ಅನ್ನುತ್ತೇನೆ, ನನ್ನ ಹೆಂಡತಿ ಜಲಜ ಚಾಳಿ ಅನ್ನುತ್ತಾಳೆ. ಸೊಸೈಟಿಯ ಗುಮಾಸ್ತಿಕೆ ಮುಗಿಸಿ ಸಾಯಂಕಾಲ ತೆಕ್ಕಟ್ಟೆಯ ಮನೆಗೆ ಬಂದು ಕಾಫಿ ಲೋಟ ಹಿಡಿದು ಕೂತರೆ ಸಾಕು, ನನ್ನ ಫೋನು ನನ್ನ ದೌರ್ಬಲ್ಯ ಅರಿತ ಸ್ನೇಹಿತನಂತೆ ಒಂದಾದ ಮೇಲೊಂದು ವಿಡಿಯೋ ತಂದು ಎದುರಿಗಿಡುತ್ತದೆ. ಒಂದು ಪೈಸೆ ಖರ್ಚಿಲ್ಲದೆ ಫೋನಿನ ವೇಗ ಹೆಚ್ಚಿಸುವುದು, ಹಳೆಯ ಟಿವಿಯನ್ನು ಹೊಸತು ಮಾಡುವುದು, ಸತ್ತ ಬ್ಯಾಟರಿಗೆ ಜೀವ ಕೊಡುವುದು. ನೋಡಿದ ಮೇಲೆ ಮಾಡದೆ ಇರಲು ನನ್ನಿಂದ ಆಗುವುದಿಲ್ಲ. ಮಾಡಿದ ಮೇಲೆ ಹೆದರದೆ ಇರಲೂ ಆಗುವುದಿಲ್ಲ. ಇವೆರಡರಲ್ಲಿ ಒಂದೇ ಗುಣವಿದ್ದಿದ್ದರೆ ನನ್ನ ಹೊಟ್ಟೆ ಇಷ್ಟು ಕೆಡುತ್ತಿರಲಿಲ್ಲ.

ನನ್ನ ಉಪಾಯಗಳೆಲ್ಲ ಕೆಟ್ಟವೆಂದು ತಿಳಿಯಬೇಡಿ. ರಿಮೋಟಿನ ಸೆಲ್ಲನ್ನು ಬಿಸಿಲಿಗಿಟ್ಟು ಒಂದು ತಿಂಗಳು ಹೆಚ್ಚಿಗೆ ಓಡಿಸಿದ್ದೇನೆ. ಆದರೆ ಸೊಸೈಟಿಯ ಪ್ರಿಂಟರಿನಲ್ಲಿ ಇಂಕು ಮುಗಿದಾಗ ಡಬ್ಬಿಯನ್ನು ಅಲ್ಲಾಡಿಸಿದರೆ ಇನ್ನಷ್ಟು ಹಾಳೆ ಬರುತ್ತದೆಂದು ಕೇಳಿ ಅಲ್ಲಾಡಿಸಿದೆ. ಬಂತು, ಮೆನೇಜರರ ಬಿಳಿ ಅಂಗಿಯ ಮೇಲೆ. ವೈಫೈ ಹೆಚ್ಚು ದೂರ ಹೋಗಲಿ ಎಂದು ಅದರ ಪೆಟ್ಟಿಗೆಯ ಹಿಂದೆ ಇಡ್ಲಿ ತಟ್ಟೆ ನಿಲ್ಲಿಸಿದೆ. ನಮ್ಮ ಮನೆಯಲ್ಲಿ ನಿಂತುಹೋಗಿ ಪಕ್ಕದ ಸರಸಕ್ಕನ ಮನೆಯಲ್ಲಿ ಚೆನ್ನಾಗಿ ಬರತೊಡಗಿತು. ಬ್ಯಾಟರಿ ಉಳಿಯಲೆಂದು ಜಲಜಳ ಫೋನಿನ ಪರದೆಯನ್ನು ಕಪ್ಪು ಬಿಳುಪು ಮಾಡಿಟ್ಟಿದ್ದೆ. ಅದರಲ್ಲಿ ನೋಡಿ ಅವಳು ತರಿಸಿದ ಬೂದು ಬಣ್ಣದ ಸೀರೆ ಮನೆಗೆ ಬಂದಾಗ ಹಣ್ಣಾದ ಅಡಿಕೆಯ ಬಣ್ಣದ್ದಾಗಿತ್ತು. ಆಮೇಲೆ ಅವಳ ಫೋನು ಮುಟ್ಟಕೂಡದು ಎಂದು ಕಟ್ಟಪ್ಪಣೆಯಾಯಿತು. ಅಷ್ಟರಲ್ಲಾಗಲೇ ನಾನು ಜಾಗ ಉಳಿಸಲೆಂದು ಫೋನಿನಲ್ಲಿದ್ದದ್ದು ಬೇರೆಲ್ಲೂ ನಕಲಾಗದ ಹಾಗೆ ಮಾಡಿಟ್ಟಿದ್ದೆ. ಆ ಮಾತನ್ನು ಅವಳಿಗೆ ಹೇಳಿರಲಿಲ್ಲ.

ಈಗ ಜಲಜಳ ವಿಷಯ ಹೇಳಬೇಕು. ಆಟವೆಂದರೆ ನಮ್ಮ ಕಡೆ ಯಕ್ಷಗಾನವೇ. ಸಣ್ಣವಳಿದ್ದಾಗ ಅವಳ ಅಣ್ಣನಿಗೆ ಹೆಜ್ಜೆ ಹೇಳಿಕೊಡಲು ಉಪ್ಪುಂದದ ಮನೆಗೆ ಗುರುಗಳು ಬರುತ್ತಿದ್ದರಂತೆ. ಅಣ್ಣನಿಗೆ ಕುಣಿತ ಹತ್ತಲಿಲ್ಲ, ಬಾಗಿಲ ಸಂದಿನಲ್ಲಿ ನಿಂತು ನೋಡಿದ ತಂಗಿಗೆ ಹತ್ತಿತು. ಆದರೆ ಹೆಣ್ಣುಮಗಳಿಗೆ ಗೆಜ್ಜೆ ಯಾರು ಕಟ್ಟುತ್ತಾರೆ? ಮದುವೆಯಾಗಿ ಬಂದ ಮೇಲೂ ದೋಸೆ ಹೊಯ್ಯುವಾಗ ಅವಳ ಕಾಲು ತಾಳ ಹಾಕುವುದನ್ನು ಕಂಡಿದ್ದೇನೆ. ಸೊಳ್ಳೆ ಕಚ್ಚುತ್ತದೇನೋ ಅಂದುಕೊಂಡಿದ್ದೆ. ಕಳೆದ ವರ್ಷ ಊರಿನ ಹೆಂಗಸರು ಸೇರಿ ತಂಡ ಕಟ್ಟಿದಾಗ ಎಲ್ಲರಿಗಿಂತ ಮುಂಚೆ ಹೆಸರು ಕೊಟ್ಟವಳು ಇವಳು. ಸ್ತ್ರೀವೇಷ ಕೊಡುತ್ತೇವೆ ಅಂದದ್ದಕ್ಕೆ, "ಅದ್ ಮನ್ಯಗ್ ಇಷ್ಟ್ ವರ್ಷ ಮಾಡಿ ಆಯ್ತ್, ನಂಗ್ ರಾಜನ್ ವೇಷವೇ ಬೇಕ್" ಎಂದು ಹಟ ಹಿಡಿದು ರಾಜನಾದಳು. ನಮ್ಮೂರ ದೇವಸ್ಥಾನದ ಬ್ರಹ್ಮಕಲಶೋತ್ಸವದಲ್ಲಿ, ಶನಿವಾರ ಸಂಜೆ, ಅವಳ ಮೊದಲ ಆಟ. ಅವಳ ಭಾಗದ ಪದ್ಯಗಳನ್ನು ತಂಡದ ಗುರುಗಳು, ಅಂದರೆ ಭಾಗವತರು, ಚಂಡೆಯವರೊಂದಿಗೆ ಅವಳ ಫೋನಿನ ಎದುರು ಕೂತು ಹಾಡಿ ಕೊಟ್ಟು, ಮೇಳದ ಜೊತೆ ಸಿದ್ದಾಪುರದ ಕಡೆ ತಿರುಗಾಟಕ್ಕೆ ಹೋಗಿದ್ದರು. ಶನಿವಾರ ನೇರ ರಂಗಸ್ಥಳಕ್ಕೇ ಬರುವವರು. ಆ ಹಾಡು ಇದ್ದದ್ದು ಪ್ರಪಂಚದಲ್ಲಿ ಆ ಒಂದು ಫೋನಿನಲ್ಲಿ. ಸಂಜೆ ಐದೂವರೆಗೆ ಅಭ್ಯಾಸ ಮರೆಯಬಾರದೆಂದು ಅವಳೇ ಅಪ್ಪಣೆ ಸಡಿಲಿಸಿ ಕೇಳಿದಾಗ ಮೊದಲನೆಯ ಪದ್ಯವನ್ನೇ ಅಲಾರಂ ಮಾಡಿಕೊಟ್ಟವನು ನಾನು. ಫೋನು ಆಫ್ ಆಗಿದ್ದರೂ ಕೂಗುವಂಥ ಅಲಾರಂ. ಅದೂ ಒಂದು ವಿಡಿಯೋದಿಂದ ಕಲಿತದ್ದೇ.

ಬುಧವಾರ ಬೆಳಿಗ್ಗೆ ಜಲಜ ಫೋನಿನಲ್ಲಿ ಪದ್ಯ ಹಾಕಿಕೊಂಡು ಜಗಲಿಯಲ್ಲಿ ಹೆಜ್ಜೆ ಹಾಕುತ್ತಿದ್ದಳು. "ಇದ್ರ್ ದನಿ ಅಂಗಳಕ್ಕೂ ಕೇಂತಿಲ್ಲೆ" ಎಂದು ಗೊಣಗಿ, ಗೇಟಿನ ಹತ್ತಿರ ಮೀನಿನವಳು ಕೂಗಿದಳೆಂದು ಹೋದಳು. ನನಗೆ ತಡೆಯಲಿಲ್ಲ. ಫೋನನ್ನು ಚೊಂಬಿನೊಳಗಿಟ್ಟರೆ ದನಿ ದುಪ್ಪಟ್ಟಾಗುತ್ತದೆ, ಸ್ಪೀಕರು ಕೊಳ್ಳುವುದೇ ಬೇಡ ಎಂಬ ಉಪಾಯ ನನ್ನಲ್ಲಿತ್ತು. ಮೇಜಿನ ಮೇಲೆ ತಾಮ್ರದ ಚೊಂಬೂ ಇತ್ತು. ಇಳಿಸಿದೆ. ಬುಳಕ್ ಅಂತು. ಇನ್ನೊಂದು ವಿಡಿಯೋ ನೋಡಿ, ಜೀರ್ಣಕ್ಕೆ ಒಳ್ಳೆಯದೆಂದು ರಾತ್ರಿಯೆಲ್ಲ ಆ ಚೊಂಬಿನಲ್ಲಿ ನೀರಿಟ್ಟವನೂ ನಾನೇ. ಭಾಗವತರು ನೀರಿನೊಳಗೆ ಇನ್ನೂ ಒಂದು ಗಳಿಗೆ ಹಾಡಿ ನಿಲ್ಲಿಸಿದರು. ತೆಗೆದು ಒರೆಸಿದೆ, ಊದಿದೆ, ಎದೆಗೆ ಒತ್ತಿಕೊಂಡೆ. ಪರದೆ ಕತ್ತಲಾಗಿತ್ತು.

ನೀರಿಗೆ ಬಿದ್ದ ಫೋನನ್ನು ಅಕ್ಕಿಯಲ್ಲಿ ಹೂಳಬೇಕು ಎಂಬುದು ಎಲ್ಲರಿಗೂ ಗೊತ್ತು. ಆದರೆ ಯಾವ ಅಕ್ಕಿ ಎಂದು ಯಾವ ವಿಡಿಯೋದವನೂ ಹೇಳುವುದಿಲ್ಲ. ಅವರ ಊರಿನಲ್ಲಿ ಒಂದೇ ಅಕ್ಕಿ ಇರಬೇಕು. ನಾವು ಉಣ್ಣುವುದು ಕುಚ್ಚಲಕ್ಕಿ. ಅದು ಭತ್ತದಲ್ಲಿರುವಾಗಲೇ ಒಮ್ಮೆ ಬೆಂದು ನೀರು ಕುಡಿದದ್ದು, ಇನ್ನೆಷ್ಟು ಕುಡಿದೀತು? ಸಾಲದ್ದಕ್ಕೆ ಆ ಡಬ್ಬಿಗೆ ಜಲಜ ದಿನಾ ಕೈ ಹಾಕುತ್ತಾಳೆ. ಕೋಣೆಯ ಮೂಲೆಯಲ್ಲಿ ಒಂದು ಬೆಳ್ತಿಗೆ ಅಕ್ಕಿಯ ಚೀಲವಿತ್ತು. ಒಣಗಿ ಗರಿಗರಿಯಾದ ಬಿಳಿ ಅಕ್ಕಿ, ಯಾರೂ ಮುಟ್ಟದ್ದು. ಸಿಮ್ಮನ್ನು ತೆಗೆದು ಅವಳ ಹಳೆಯ ಕೀಪ್ಯಾಡ್ ಫೋನಿಗೆ ಹಾಕಿದೆ, ದೊಡ್ಡ ಫೋನನ್ನು ಚೀಲದ ನಡುವೆ ಹೂಳಿ ಬಾಯಿ ಕಟ್ಟಿದೆ.

"ಹ್ವಾಯ್, ನನ್ ಫೋನ್ ಎಲ್ಲ್ ಇತ್ತ್?" ಜಲಜ ಬಂಗುಡೆ ಹಿಡಿದು ಒಳಗೆ ಬಂದಳು.

"ಅಪ್‌ಡೇಟಿಗೆ ಹಾಕಿದೆ. ಎರಡ್ ದಿನ ಮುಟ್ಟುಕಾಗ. ಅಲ್ಲಿವರೆಗ್ ಹಳೇದ್ರಗ್ ಮಾತಾಡ್."

"ಎರಡ್ ದಿನವಾ? ಅದ್ ಅಪ್‌ಡೇಟಾ, ಬಾಣಂತನವಾ?" ಎಂದಳು. ಮೇಜಿನ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿದಳು. "ಹಾಂಗಾರೆ ಪದ್ಯ ಯಾರ್ ಹೇಳುದ್? ನೀವೇ ಹೇಳಿ."

ಪದ್ಯ ಬರೆದ ಹಾಳೆ ಅವಳ ಹತ್ತಿರವಿತ್ತು. ಅಂದು ಸಂಜೆ ನನ್ನನ್ನು ಜಗಲಿಯಲ್ಲಿ ಕೂರಿಸಿ, ಚಂಡೆಗೆ ಬದಲು ಒಂದು ಖಾಲಿ ಬಿಸ್ಕತ್ತು ಡಬ್ಬಿಯನ್ನೂ ಸೌಟನ್ನೂ ಕೈಗೆ ಕೊಟ್ಟಳು. ನನ್ನ ಕಂಠದ ಬಗ್ಗೆ ಹೇಳುವುದಾದರೆ, ಶಾಲೆಯಲ್ಲಿ ನಾಡಗೀತೆ ಹಾಡುವಾಗ ನನಗೆ ಬಾಯಿ ಆಡಿಸಿದರೆ ಸಾಕು ಎಂಬ ವಿನಾಯಿತಿ ಇತ್ತು. ತಾಳವಂತೂ ನನಗೂ ನನ್ನ ಪೂರ್ವಜರಿಗೂ ಗೊತ್ತಿಲ್ಲದ ವಿದ್ಯೆ. ಹಾಡಿನ ನಡುವೆ ಫೋನಿನ ನೆನಪಾಗಿ ಎದೆ ಧಸಕ್ಕೆಂದರೆ ಸೌಟು ಎರಡು ಪೆಟ್ಟು ಹೆಚ್ಚು ಹೊಡೆಯುತ್ತಿತ್ತು. ಹೆದರಿ ನಿಂತರೆ ಎರಡು ಪೆಟ್ಟು ಕಡಿಮೆ. ಜಲಜ ಕಾಲೆತ್ತಿ ನಿಂತು ನನ್ನ ಪೆಟ್ಟು ಬರುವವರೆಗೆ ಕಾದು, ಬಾರದಿದ್ದರೆ ತಾನೇ ಬಾಯಲ್ಲಿ ಹೇಳಿಕೊಂಡು ಹೆಜ್ಜೆ ಇಡುತ್ತಿದ್ದಳು. ಪಕ್ಕದ ಸರಸಕ್ಕ ಬೇಲಿಯ ಮೇಲಿಂದ, ಪಾತ್ರೆಗೆ ಕಲಾಯಿ ಹಾಕುವವರು ಬಂದಿದ್ದಾರೆಯೇ ಎಂದು ಕೇಳಿದರು.

ಗುರುವಾರ ಮಧ್ಯಾಹ್ನ ಊಟಕ್ಕೆ ಬಂದಾಗ ಮೂಲೆ ಖಾಲಿಯಾಗಿತ್ತು.

"ಜಲಜ, ಬೆಳ್ತಿಗೆ ಅಕ್ಕಿ ಚೀಲ ಎಲ್ಲ್?"

"ಹೊರೆಕಾಣ್ಕಿಗ್ ಕೊಟ್ಟೆ. ಅದಕ್ಕಂದೇಳಿಯೇ ತರ್ಸದ್ದ್ ಅಲ್ದಾ? ವಾರದ್ ಹಿಂದೆ ಹೇಳಿದ್ದೆ, ನೀವ್ ಕೆಮಿಗ್ ವಯರ್ ಸಿಕ್ಸ್ಕಂಡ್ ತಲೆ ಆಡ್ಸ್ತಾ ಇದ್ರಿ. ಎಂತಕ್ಕೆ ಮುಖ ಹೀಂಗ್ ಮಾಡ್ಕಂಡ್ರಿ?"

ಉತ್ಸವಕ್ಕೆ ಊರವರೆಲ್ಲ ಅಕ್ಕಿ, ತೆಂಗಿನಕಾಯಿ, ಸೌತೆಕಾಯಿ ತಂದು ಮೆರವಣಿಗೆಯಲ್ಲಿ ದೇವರಿಗೆ ಒಪ್ಪಿಸುವುದು ಹೊರೆಕಾಣಿಕೆ. ನನ್ನ ಹೆಂಡತಿಯ ಫೋನು ವಾದ್ಯ ಸಮೇತ, ಅಲಂಕರಿಸಿದ ಗಾಡಿಯಲ್ಲಿ ದೇವಸ್ಥಾನಕ್ಕೆ ಹೋಗಿತ್ತು. ಆಗಲೇ ಬಾಯಿ ಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಅಡುಗೆಮನೆಯಲ್ಲಿ ಅವಳು ಸೌಟನ್ನು ಕತ್ತಿಯ ಹಾಗೆ ಹಿಡಿದು ರಾಜನ ಮಾತು ಹೇಳಿಕೊಳ್ಳುತ್ತಿದ್ದಳು. ಮುಖ ಬೆಳಗುತ್ತಿತ್ತು. ಬಾಗಿಲ ಸಂದಿನಲ್ಲಿ ಶುರುವಾದ ಆಸೆ, ರಂಗಸ್ಥಳಕ್ಕೆ ಇನ್ನು ಎರಡು ದಿನ. ನಿನ್ನ ಗುರುಗಳ ಹಾಡು ಇನ್ನಿಲ್ಲ ಎಂದು ಯಾವ ಬಾಯಲ್ಲಿ ಹೇಳಲಿ? ನನಗೆ ನಿಜಕ್ಕೂ ಅಳು ಬಂತು. ಅನ್ನ ಹಾಗೇ ಬಿಟ್ಟು ದೇವಸ್ಥಾನಕ್ಕೆ ಓಡಿದೆ.

ಉಗ್ರಾಣದ ಬಾಗಿಲಲ್ಲಿ, ಸೊಂಟಕ್ಕೆ ಬೀಗದ ಕೈ ಸಿಕ್ಕಿಸಿಕೊಂಡ ಶೀನಣ್ಣ ಇದ್ದರು. ಒಳಗೆ ನೋಡಿದವನಿಗೆ ಬವಳಿ ಬರುವುದೊಂದು ಬಾಕಿ. ಚೀಲಗಳನ್ನೆಲ್ಲ ಬಿಚ್ಚಿ ಟಾರ್ಪಾಲಿನ ಮೇಲೆ ಸುರಿದಿದ್ದರು. ಆಳೆತ್ತರದ ಅಕ್ಕಿಯ ಗುಡ್ಡ. ನಮ್ಮ ಚೀಲದ್ದು ಯಾವುದು, ಊರಿನವರದ್ದು ಯಾವುದು? ಅದರೊಳಗೆ ಎಲ್ಲೋ ಒಂದು ಫೋನು. ಅದು ಬುಟ್ಟಿಗೆ ಸಿಕ್ಕಿ, ಬುಟ್ಟಿಯಿಂದ ಹಂಡೆಗೆ ಬಿದ್ದು, ಕುದಿಯುವ ಅನ್ನದೊಳಗೆ ಬ್ಯಾಟರಿ ಢಂ ಎಂದರೆ? ಪತ್ರಿಕೆಯಲ್ಲಿ ನನ್ನ ಫೋಟೋ ಹಾಕುತ್ತಾರೆಯೇ, ಹಾಕಿದರೆ ಯಾವುದು ಹಾಕುತ್ತಾರೆ ಎಂಬಲ್ಲಿಯವರೆಗೆ ನನ್ನ ಹೆದರಿಕೆ ಹೋಯಿತು.

"ಎಂತ ರಘುರಾಮಣ್ಣ, ಈ ಬದಿಗ್?" ಎಂದರು ಶೀನಣ್ಣ.

"ಸೇವೆ ಮಾಡುವ ಅಂದ್ಕಂಡ್ ಬಂದೆ. ಅಕ್ಕಿಯಗ್ ಕಲ್ ಹೆಕ್ಕ್ತೆ."

"ಮಿಲ್ಲಿನ್ ಅಕ್ಕಿ ಮಾರಾಯ್ರೆ, ಕಲ್ ಎಲ್ಲಿಪ್ಪುದ್?"

"ದೇವ್ರ್ ಕೆಲ್ಸ ಶೀನಣ್ಣ, ಒಂದ್ ಕಲ್ಲೂ ಇಪ್ಪುಕಾಗ" ಎಂದು ಮೊಣಕೈವರೆಗೆ ಕೈ ಹೂತು ಕೂತೆ. ಶುಕ್ರವಾರ ಸೊಸೈಟಿಗೆ ರಜೆ ಹಾಕಿ ಬೆಳಿಗ್ಗೆಯೇ ಬಂದೆ. ಅಡುಗೆಯವರು ತುಂಬಿಕೊಂಡು ಹೋಗುವ ಪ್ರತಿ ಬುಟ್ಟಿಯನ್ನೂ ತಡೆದು ಕೈಯಾಡಿಸಿ ಬಿಟ್ಟೆ. ತರಕಾರಿ ಹೆಚ್ಚುವ ಹೆಂಗಸರು ಬಂದು ನೋಡಿ, ಮನೆಯಲ್ಲಿ ಕುಡಿದ ಲೋಟ ಎತ್ತಿಡದ ತಮ್ಮ ಗಂಡಂದಿರನ್ನು ನೆನೆದು ನಿಟ್ಟುಸಿರಿಟ್ಟರು. ಧ್ವನಿವರ್ಧಕದಲ್ಲಿ ಯಾರೋ ನನ್ನ ಭಕ್ತಿಯ ಬಗ್ಗೆ ಎರಡು ಮಾತು ಹೇಳಿದರು. ನಾನು ಅಷ್ಟು ಭಕ್ತಿಯಿಂದ ದೇವರನ್ನು ಕರೆದದ್ದು ನಿಜವೇ. ಸಿಕ್ಕಿದ್ದು ಮಾತ್ರ ಒಂದು ಗುಂಡಿ, ಎರಡು ಒಣಮೆಣಸು.

ಸಂಜೆಯಾಯಿತು. ರಂಗಸ್ಥಳದಲ್ಲಿ ಕೊನೆಯ ಅಭ್ಯಾಸಕ್ಕೆಂದು ತಂಡದ ಹೆಂಗಸರು ಬಂದರು. ಜಲಜ ಉಗ್ರಾಣದ ಬಾಗಿಲಲ್ಲಿ ನಿಂತು, "ಹ್ವಾಯ್, ಡಬ್ಬಿ ತಂದಿದೆ, ಬನ್ನಿ, ಪದ್ಯ ಹೇಳುಕಿತ್ತ್" ಎಂದು ಕರೆದಳು. ಇನ್ನು ಹೇಳಿಬಿಡುವುದೇ ಸರಿ ಎಂದು ನಾನು ಎದ್ದು ನಿಂತೆ. "ಜಲಜ, ಒಂದ್ ವಿಷಯ..." ಎಂದೆ. ಅಷ್ಟರಲ್ಲಿ ಅಕ್ಕಿಯ ಗುಡ್ಡದೊಳಗಿನಿಂದ ಭಾಗವತರು ಎತ್ತರದ ದನಿಯಲ್ಲಿ ಪದ್ಯ ಎತ್ತಿದರು. ಹಿಂದಿನಿಂದ ಚಂಡೆಯ ಪೆಟ್ಟು ಬಿತ್ತು. ಐದೂವರೆ!

ಶೀನಣ್ಣ ಎರಡೂ ಕೈ ತಲೆಯ ಮೇಲೆ ಜೋಡಿಸಿದರು. "ದೇವ್ರೇ! ಅಕ್ಕಿ ಪದ ಹೇಳ್ತಿತ್ತಲೇ!" ಬುಟ್ಟಿ ಹಿಡಿದವನು ಬುಟ್ಟಿ ಬಿಟ್ಟ. ಹೆಚ್ಚುತ್ತಿದ್ದ ಸೌತೆಕಾಯಿ ಬಿಟ್ಟು ಹೆಂಗಸರು ಓಡಿಬಂದರು. ಒಬ್ಬರು ಆಗಲೇ ಕರ್ಪೂರ ಹುಡುಕುತ್ತಿದ್ದರು. ಹಿಂದಿನ ಎರಡು ಸಂಜೆ ಫೋನು ಯಾಕೆ ಕೂಗಲಿಲ್ಲ? ಒಣಗಿರಲಿಲ್ಲ ಎಂದು ನನ್ನ ಅಂದಾಜು. ಅಂದರೆ ನನ್ನ ಉಪಾಯ ಫಲಿಸಿತ್ತು! ಜೀವಮಾನದಲ್ಲಿ ಮೊದಲ ಬಾರಿಗೆ ಪೂರ್ತಿಯಾಗಿ ಫಲಿಸಿದ ಉಪಾಯ, ಅದನ್ನು ಕೂಗಿ ಹೇಳುವ ಹಾಗಿಲ್ಲ. ಹೆಮ್ಮೆಗೂ ಹೆದರಿಕೆಗೂ ನಡುವೆ ಸಿಕ್ಕಿ ನಾನು ಕಂಬದ ಮರೆಗೆ ಸರಿದೆ.

ಜಲಜ ಒಬ್ಬಳೇ ಗಾಬರಿಯಾಗಲಿಲ್ಲ. ಗುಡ್ಡದ ಹತ್ತಿರ ಹೋಗಿ ಕಿವಿಗೊಟ್ಟಳು. ಸೀರೆ ಎತ್ತಿಕಟ್ಟಿ, ತೋಳಿನವರೆಗೆ ಕೈ ತೂರಿ, ತಡಕಿ, ಫೋನನ್ನು ಎಳೆದು ತೆಗೆದಳು. ಸೆರಗಿನಿಂದ ಒರೆಸಿ ಅಲಾರಂ ನಿಲ್ಲಿಸಿದಳು. ಆಮೇಲೆ ಅಷ್ಟು ಜನರ ನಡುವೆ ನನ್ನನ್ನೇ ಹುಡುಕಿ ನೋಡಿದಳು.

"ಅಪ್‌ಡೇಟ್ ಮುಗೀತಾ?"

ಮನೆಗೆ ಬಂದ ಮೇಲೆ ತಿಳಿಯಿತು, ಮೇಜಿನ ಮೇಲೆ ಚೆಲ್ಲಿದ ನೀರನ್ನೂ ಖಾಲಿ ಚೊಂಬನ್ನೂ ಅವಳು ಬುಧವಾರವೇ ನೋಡಿದ್ದಳು. ರಿಪೇರಿಗೆ ಕುಂದಾಪುರಕ್ಕೆ ಕೊಟ್ಟಿರಬೇಕು, ಎಷ್ಟು ದಿನ ಸುಳ್ಳು ಹೇಳುತ್ತಾರೋ ನೋಡೋಣ ಎಂದು ಸುಮ್ಮನಿದ್ದಳಂತೆ. ಅಕ್ಕಿಯ ವಿಷಯ ಮಾತ್ರ ಅವಳ ಊಹೆಗೂ ಮೀರಿದ್ದು. ಗುರುಗಳ ಹಾಡೆಲ್ಲ ಹಾಗೇ ಇತ್ತು. ಒಮ್ಮೆ ಕೇಳಿ, ಫೋನನ್ನು ನನ್ನ ಕೈಗೆ ಸಿಗದ ಕಡೆ ಇಟ್ಟಳು.

ಶನಿವಾರ ಕಿರೀಟ ಕಟ್ಟಿ ರಂಗಸ್ಥಳಕ್ಕೆ ಬಂದವಳನ್ನು ನಾನು ಗುರುತಿಸಲಿಲ್ಲ. ಮೀಸೆ ಚೆನ್ನಾಗಿ ಒಪ್ಪಿತ್ತು. ಎರಡನೆಯ ಪದ್ಯದ ನಡುವೆ ಮೈಕು ಕೆಟ್ಟು ಕಿರುಚಿ ನಿಂತಿತು. ಭಾಗವತರ ದನಿ ಅತ್ತಿತ್ತಾಯಿತು, ಚಂಡೆಯವರು ತಲೆ ಎತ್ತಿ ನೋಡಿದರು, ಜೊತೆಗಿದ್ದ ಇಬ್ಬರು ವೇಷದವರ ಹೆಜ್ಜೆ ತಪ್ಪಿತು. ಜಲಜ ತಪ್ಪಲಿಲ್ಲ. ಬಾಯಲ್ಲಿ ತಾಳ ಹೇಳಿಕೊಂಡು, ಕಾಲೆತ್ತಿ ಕಾದು, ಸರಿಯಾದ ಜಾಗಕ್ಕೇ ಹೆಜ್ಜೆ ಇಟ್ಟು, ಮೈಕು ಬರುವವರೆಗೆ ಆಟವನ್ನು ಎಳೆದುಕೊಂಡು ಹೋದಳು. ಜನ ಚಪ್ಪಾಳೆ ಹೊಡೆದರು. ನಾನು ಎದ್ದು ನಿಂತು ಹೊಡೆದೆ, ಅದೂ ತಾಳ ತಪ್ಪಿಯೇ. ವೇಷ ಕಟ್ಟುವ ಚೌಕಿಯಲ್ಲಿ ಬಣ್ಣ ತೆಗೆಯುವಾಗ ಗುರುಗಳು ಕೇಳಿದರು, "ತಾಳ ಇಷ್ಟ್ ಗಟ್ಟಿ ಮಾಡ್ಕಂಡದ್ದ್ ಹ್ಯಾಂಗೆ?"

"ನಮ್ಮನೆಯವ್ರ್ ಪದ್ಯ ಹೇಳ್ಕೊಟ್ರ್" ಎಂದಳು ಜಲಜ. "ಅವ್ರ್ ತಪ್ಪಿದಲ್ಲೆಲ್ಲ ನಾನೇ ಸರಿ ಮಾಡ್ಕಂತಾ ಬಂದೆ. ಮೈಕ್ ಹೋದ್ದೆಲ್ಲ ನಂಗೊಂದ್ ಲೆಕ್ಕವಾ?"

ಅಂದಿನಿಂದ ಅಭ್ಯಾಸಕ್ಕೆ ಫೋನು ಬೇಡವಾಗಿದೆ. ಐದೂವರೆಯ ಅಲಾರಂ ಈಗ ನನ್ನ ಫೋನಿನಲ್ಲಿದೆ, ಆಫ್ ಮಾಡಿದರೂ ಕೂಗುತ್ತದೆ. ನಾನು ಜಗಲಿಯಲ್ಲಿ ಡಬ್ಬಿ, ಸೌಟು ಹಿಡಿದು ಕೂರುತ್ತೇನೆ. ಮೊನ್ನೆ ಪಕ್ಕದ ಸರಸಕ್ಕ ತಮ್ಮ ಸೊಸೆಗೂ ಹೆಜ್ಜೆ ಕಲಿಯುವ ಆಸೆಯಿದೆ, ಮನೆಯಲ್ಲೇ ತಾಳ ಹಾಕಿಕೊಡಲು ಯಾವ ಮಿಷನ್ನು ಒಳ್ಳೆಯದು, ಎಷ್ಟಾಗುತ್ತದೆ ಎಂದು ಕೇಳುತ್ತಿದ್ದರು.

"ಹೊಸತ್ ಎಂತಕ್ಕೆ ತಕಂಬುದ್ ಸರಸಕ್ಕ? ಮನ್ಯಗ್ ಇದ್ದದ್ರಗೇ ಹೆಚ್ಚ್ ಕೆಲ್ಸ ತೆಗುಕ್ ಗೊತ್ತಿರ್ಕ್" ಎಂದು ಜಲಜ ನನ್ನ ಕಡೆ ಕೈ ತೋರಿಸಿದಳು. "ಇದ್ ಕಾಣಿ, ಪುಕ್ಕಟೆ. ಮದ್ವೆಯಗ್ ಸಿಕ್ಕದ್ದ್. ಹಳೇ ಮಾಡೆಲ್, ಆದ್ರೂ ಇನ್ನೂ ಓಡ್ತಿತ್ತ್."